ನಿಮಗಿದು ಗೊತ್ತೇ? ಫೋನ್ ಒಬ್ಬರದು, ಗಿರಾಕಿ ಇನ್ನೊಬ್ಬರು

ನಮ್ಮ ದೇಶದಲ್ಲಿ ಯಾವ ಜಾಲತಾಣಕ್ಕೆ ಎಷ್ಟು ಬಳಕೆದಾರರು? 2021ರ ಫೆಬ್ರುವರಿ 25ರಂದು ಹೊಸ ಐಟಿ ನಿಯಮಗಳನ್ನು ಪ್ರಕಟಿಸುವಾಗ ಕೇಂದ್ರ ಸರ್ಕಾರವೇ ಲೆಕ್ಕ ಕೊಟ್ಟಿತ್ತು. ವಾಟ್ಸ್ಆ್ಯಪ್ 53 ಕೋಟಿ, ಯೂಟ್ಯೂಬ್ 44.8 ಕೋಟಿ, ಫೇಸ್‌ಬುಕ್ 41 ಕೋಟಿ, ಇನ್‌ಸ್ಟಾಗ್ರಾಮ್ 21 ಕೋಟಿ, ಟ್ವಿಟರ್ ಬರೀ 1.75 ಕೋಟಿ. ಟಿ.ವಿ. ಚರ್ಚೆಗಳಲ್ಲಿ ದಿನವಿಡೀ ಸದ್ದು ಮಾಡುವುದು ಈ ಕೊನೆಯದು. ಆಂಧ್ರದ ಗಡಿಭಾಗದ ಹಿಂದೂಪುರದಲ್ಲಿ ಸೀರೆ ಮಾರುವವರಿಗೆ, ಕಲ್ಯಾಣದುರ್ಗದಲ್ಲಿ ಡ್ರಿಪ್ ಪೈಪ್ ಮಾರುವವರಿಗೆ ಬೇಕಾಗಿರುವುದು ಮೊದಲ ಎರಡು.

★

ಇನ್ನೊಂದು ಲೆಕ್ಕ ಇದೆ. ವ್ಯಾಪಾರಿಗಳು ಅದನ್ನು ನೋಡುವುದು ಕಡಿಮೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ರಕ್ತಹೀನತೆ, ಲಸಿಕೆಗಳ ಜೊತೆಗೆ ಇಂಟರ್ನೆಟ್ ಬಗ್ಗೆಯೂ ಒಂದು ಪ್ರಶ್ನೆ ಕೇಳಿದ್ದರು: ‘ಯಾವತ್ತಾದರೂ ಬಳಸಿದ್ದೀರಾ?’ 2019ರಲ್ಲಿ ಆಂಧ್ರದಲ್ಲಿ ಹೌದು ಎಂದ ಹೆಂಗಸರು ನೂರಕ್ಕೆ 21, ಗಂಡಸರು 48.8. ಪಕ್ಕದ ಕರ್ನಾಟಕದಲ್ಲಿ ಹೆಂಗಸರು 35, ಗಂಡಸರು 62.4. ತಾನೇ ಬಳಸುವ ಸ್ವಂತ ಫೋನ್ ಇದೆ ಎಂದ ಹೆಂಗಸರು ಆಂಧ್ರದಲ್ಲಿ ಅರ್ಧಕ್ಕಿಂತ ಚೂರು ಕಡಿಮೆ, 48.9. ಆಮೇಲೆ ಕೊರೊನಾ ಬಂತು, ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಮನೆಮನೆಗೆ ಸ್ಮಾರ್ಟ್‌ಫೋನ್ ಬಂತು. ಆ ಅಂಕಿ ಅಲ್ಲೇ ನಿಂತಿರಲಾರದು. ಆದರೆ ಮನೆಗೆ ಬಂದ ಫೋನ್ ಯಾರ ಜೇಬಿನಲ್ಲಿ ಕೂತಿದೆ ಎಂಬ ಪ್ರಶ್ನೆ ಇನ್ನೂ ಹಾಗೇ ಇದೆ.

ಇದರ ಪರಿಣಾಮ ಬಟ್ಟೆ ಅಂಗಡಿಯಲ್ಲಿ ಕಣ್ಣಿಗೆ ಕಾಣುತ್ತದೆ. ಅಂಗಡಿಯ ಹುಡುಗ ಹೊಸ ಸ್ಟಾಕು ಬಂದ ಕೂಡಲೇ ಸೀರೆಗಳನ್ನು ಒಂದೊಂದಾಗಿ ಬಿಡಿಸಿ, ಸೆರಗು ಮೇಲೆ ಕಾಣುವಂತೆ ಹರವಿ, ಟ್ಯೂಬ್‌ಲೈಟಿನ ಹೊಳಪು ಜರಿಗೆ ಹೊಡೆಯದ ಹಾಗೆ ಓರೆಯಾಗಿ ನಿಂತು ಫೋಟೊ ತೆಗೆಯುತ್ತಾನೆ. ಫೋಟೊ ಹೋಗಿ ಬೀಳುವುದು ಗಿರಾಕಿ ಮನೆಯ ಯಜಮಾನರ ನಂಬರಿಗೆ. ಅವರು ಅದನ್ನು ನೋಡುವುದು ಮಧ್ಯಾಹ್ನ, ಗದ್ದೆಯಲ್ಲೋ ಮಂಡಿಯಲ್ಲೋ. ಹೆಂಡತಿಗೆ ತೋರಿಸುವುದು ರಾತ್ರಿ ಊಟವಾದ ಮೇಲೆ, ನೆನಪಿದ್ದರೆ. ಆರಿಸುವುದು ಮಗಳು. ಮಾರನೇ ದಿನ ಬೆಳಿಗ್ಗೆ ಅದೇ ನಂಬರಿನಿಂದ ಉತ್ತರ ಬರುತ್ತದೆ: “ಅಣ್ಣಾ, ಮೂರನೇದು ಎತ್ತಿಡಿ, ಅಮ್ಮ ಸಂಜೆಗೆ ಬರ್ತಾರೆ.” ಅಂಗಡಿಯ ಪಟ್ಟಿಯಲ್ಲಿ ಇದೆಲ್ಲ ಒಬ್ಬ ಗಿರಾಕಿ, ಅದೂ ಗಂಡಸು. ಜಾಹೀರಾತು ಹಾಕುವಾಗ ‘ಮಹಿಳೆಯರಿಗೆ ಮಾತ್ರ’ ಎಂದು ಒತ್ತಿದರೆ ಈ ಮನೆ ಪೂರ್ತಿ ಲೆಕ್ಕದಿಂದ ಹೊರಗೆ. ಹೆಂಗಸರ ಸರಕನ್ನು ಹೆಂಗಸರ ಖಾತೆಗೇ ತೋರಿಸಬೇಕೆಂಬುದು ಮಹಾನಗರಗಳ ಸೂತ್ರ. ಈ ಕಡೆ ಅದನ್ನು ಕಣ್ಣುಮುಚ್ಚಿ ಅನುಸರಿಸಿದರೆ ದುಡ್ಡು ದಂಡ ಎಂದೇ ನನ್ನ ಲೆಕ್ಕ.

★

ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರನ್ನು ಸೇರಿಸಬಹುದು. ಆದರೆ ಸಂದೇಶ ಮುಟ್ಟುವುದು ಯಾರು ತಮ್ಮ ಫೋನಿನಲ್ಲಿ ನಿಮ್ಮ ನಂಬರ್ ಉಳಿಸಿಕೊಂಡಿದ್ದಾರೋ ಅವರಿಗೆ ಮಾತ್ರ. ಅಂಗಡಿಯವನ ಬಳಿ ಗಿರಾಕಿಯ ನಂಬರ್ ಇದ್ದರೆ ಸಾಲದು, ಗಿರಾಕಿಯ ಬಳಿ ಅಂಗಡಿಯವನದು ಇರಬೇಕು. ಬಿಲ್ಲು ಕೊಡುವಾಗ “ನಮ್ಮ ನಂಬರ್ ಒಂದು ಸೇವ್ ಮಾಡ್ಕೊಳ್ಳಿ ಅಕ್ಕಾ” ಎಂದು ನಿಂತು ಹೇಳುವ ಹುಡುಗನಿಗೆ ಇದು ಗೊತ್ತಿದೆ.

★

ಅಂಗಡಿಯವರಿಗೆಂದೇ ಮಾಡಿದ ವಾಟ್ಸ್ಆ್ಯಪ್ ಬಿಸಿನೆಸ್ ಬಂದದ್ದು 2018ರ ಜನವರಿಯಲ್ಲಿ. ಎರಡೂವರೆ ವರ್ಷದಲ್ಲಿ ಜಗತ್ತಿನ 5 ಕೋಟಿ ಬಳಕೆದಾರರಲ್ಲಿ ಒಂದೂವರೆ ಕೋಟಿ ಭಾರತದವರೇ ಆಗಿದ್ದರು.

★

ಹಿಂದೂಪುರದಿಂದ ಗೌರಿಬಿದನೂರಿಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಒಂದು ಕಾಲಕ್ಕೆ ಆ ದಾರಿಯಲ್ಲಿ ಫೋನಿನ ದರವೇ ಬದಲಾಗುತ್ತಿತ್ತು. ಆಂಧ್ರ ಒಂದು ಟೆಲಿಕಾಂ ವೃತ್ತ, ಕರ್ನಾಟಕ ಇನ್ನೊಂದು. ಗಡಿ ದಾಟಿದರೆ ರೋಮಿಂಗ್; ಬಂದ ಕರೆ ಎತ್ತಿದರೂ ದುಡ್ಡು. ಅಕ್ಕನನ್ನು ಗೌರಿಬಿದನೂರಿಗೆ ಕೊಟ್ಟ ಮನೆಯವರು ಮಿಸ್ಡ್ ಕಾಲ್ ಭಾಷೆಯಲ್ಲೇ ವರ್ಷಗಟ್ಟಲೆ ಸಂಸಾರದ ಸುದ್ದಿ ಹಂಚಿಕೊಂಡರು. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂತು, ರೋಮಿಂಗ್ ಇಲ್ಲ ಎಂದಿತು. 2017ರ ಏಪ್ರಿಲ್ 1ರಿಂದ ಏರ್‌ಟೆಲ್ ಕೂಡ ದೇಶದೊಳಗಿನ ರೋಮಿಂಗ್ ಶುಲ್ಕ ತೆಗೆಯಿತು. ಗಡಿ ಊರುಗಳ ಅಂಗಡಿಗಳಿಗೆ ಆ ಎರಡು ದಿನಾಂಕಗಳು ದೊಡ್ಡವು. ಅಲ್ಲಿಂದಾಚೆಗೆ ಪಕ್ಕದ ರಾಜ್ಯದ ಗಿರಾಕಿ ಫೋನಿನ ಮಟ್ಟಿಗೆ ಪಕ್ಕದ ಬೀದಿಯವನಾದ.

★

1500 ರೂಪಾಯಿ ಠೇವಣಿ ಇಟ್ಟು ಪಡೆಯುತ್ತಿದ್ದ ಗುಂಡಿ ಒತ್ತುವ ಜಿಯೊಫೋನಿಗೂ 2018ರ ಸೆಪ್ಟೆಂಬರಿನಲ್ಲಿ ವಾಟ್ಸ್ಆ್ಯಪ್ ಬಂತು. ಸ್ಮಾರ್ಟ್‌ಫೋನ್ ಇಲ್ಲದ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕಿದ್ದ ವ್ಯಾಪಾರಿಗಳು ಅವರನ್ನು ಮತ್ತೆ ಸೇರಿಸಿಕೊಳ್ಳಬೇಕಾಯಿತು.

★

ಫೇಸ್‌ಬುಕ್ಕಿನಲ್ಲಿ ಜಾಹೀರಾತು ಹಾಕುವಾಗ ನಕ್ಷೆಯ ಮೇಲೆ ನಿಮ್ಮ ಅಂಗಡಿಯನ್ನು ಗುರುತು ಮಾಡಿ ಸುತ್ತ ಒಂದು ವೃತ್ತ ಎಳೆಯಬಹುದು, 80 ಕಿಲೋಮೀಟರಿನವರೆಗೆ. ಹಿಂದೂಪುರದ ನಡುವೆ ಗುರುತಿಟ್ಟು 25 ಕಿಲೋಮೀಟರ್ ಎಳೆದರೆ ಪರಿಗಿ, ಲೇಪಾಕ್ಷಿ, ಚಿಲಮತ್ತೂರು ಒಳಗೆ ಬರುತ್ತವೆ. ದಕ್ಷಿಣಕ್ಕೆ ವೃತ್ತ ಗೌರಿಬಿದನೂರನ್ನು ಮುಟ್ಟುತ್ತದೆ. ಕಲ್ಯಾಣದುರ್ಗದಲ್ಲಿ ಇಟ್ಟು 50ಕ್ಕೆ ಅಗಲಿಸಿದರೆ ರಾಯದುರ್ಗ, ಕಂಬದೂರು ಮಾತ್ರವಲ್ಲ, ಪಾವಗಡ, ಚಳ್ಳಕೆರೆ ತಾಲ್ಲೂಕುಗಳ ಹಳ್ಳಿಗಳೂ ಸೇರುತ್ತವೆ. ಪಾವಗಡವಂತೂ ತುಮಕೂರು ಜಿಲ್ಲೆಯದಾದರೂ ಮೂರು ಕಡೆ ಆಂಧ್ರ. ಫೇಸ್‌ಬುಕ್ಕಿನ ವೃತ್ತಕ್ಕೆ ರಾಜ್ಯದ ಗಡಿ ಕಾಣುವುದಿಲ್ಲ.

ಅದರ ಬದಲು ‘ಅನಂತಪುರ ಜಿಲ್ಲೆ’ ಎಂದು ಆರಿಸಿಕೊಂಡವರು ಎಡವಬಹುದು. 2022ರ ಏಪ್ರಿಲ್ 4ರಂದು ಆಂಧ್ರದ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಅಂಚೆಯವರ ಪಿನ್ ಕೋಡ್ ಮಾತ್ರ ಎರಡೂ ಊರಿನದು ಇನ್ನೂ 515ರಿಂದಲೇ ಶುರು. ಹಿಂದಕ್ಕೆ ಹೋದರೆ ಅನಂತಪುರ ಎಂಬ ಜಿಲ್ಲೆಯೇ 1882ರಲ್ಲಿ ಬಳ್ಳಾರಿಯಿಂದ ಬೇರೆಯಾದದ್ದು. ಗಡಿಯಾಚೆ ಹೆಣ್ಣು ಕೊಟ್ಟು ತರುವ ನಂಟು ಇಲ್ಲಿ ಫೇಸ್‌ಬುಕ್ಕಿಗಿಂತ ಬಹಳ ಹಳೆಯದು. ಮದುವೆ ಜವಳಿಗೆ ಆ ನಂಟೇ ಜಾಹೀರಾತು.

★

ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲೂ ತೆಲುಗು, ಕನ್ನಡ ಅಕ್ಕಪಕ್ಕದ ಮನೆ. ಎರಡಕ್ಕೂ 128 ಜಾಗ. ತೆಲುಗಿನದು ಮುಗಿದ ಮರುಮನೆಯಿಂದಲೇ ಕನ್ನಡದ್ದು.

★

ಗಡಿ ಊರಿನ ಅಂಗಡಿಗಳಿಗೆ ಸಂಬಂಧಿಸಿದ ಇದೊಂದನ್ನು ಸ್ವಲ್ಪ ನಿಧಾನವಾಗಿ ಓದಿ. ಗೌರಿಬಿದನೂರಿನವರು ಹಿಂದೂಪುರದ ಅಂಗಡಿಗೇ ಬಂದು, ಬಿಲ್ಲಿನಲ್ಲಿ ತಮ್ಮೂರ ವಿಳಾಸ ಬರೆಸದೆ, ಸೀರೆ ಕೈಯಲ್ಲಿ ಹಿಡಿದುಕೊಂಡು ಹೋದರೆ ಜಿಎಸ್‌ಟಿ ಲೆಕ್ಕದಲ್ಲಿ ಅದು ಆಂಧ್ರದೊಳಗಿನ ಮಾರಾಟ. ಅದೇ ಸೀರೆಯ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ನೋಡಿ, ಫೋನ್‌ಪೇಯಲ್ಲಿ ದುಡ್ಡು ಹಾಕಿ, ಕೊರಿಯರಿನಲ್ಲಿ ತರಿಸಿಕೊಂಡರೆ ಅಂತರರಾಜ್ಯ ಮಾರಾಟ. ವ್ಯತ್ಯಾಸ ಏನು ಅಂತೀರಾ? ಸರಕು ಮಾರುವವರಿಗೆ ಆಂಧ್ರದಲ್ಲೂ ಕರ್ನಾಟಕದಲ್ಲೂ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿ ಮಾರುವವರಿಗೆ ಈ ಮಿತಿಯ ರಕ್ಷಣೆ ಇಲ್ಲ. ಕೆಲವು ಕರಕುಶಲ ವಸ್ತುಗಳಂಥ ವಿನಾಯಿತಿ ಬಿಟ್ಟರೆ, ವಹಿವಾಟು ಎಷ್ಟೇ ಚಿಕ್ಕದಾದರೂ ನೋಂದಣಿ ಬೇಕು. ವಹಿವಾಟಿನ ಮೇಲೆ ಒಂದೇ ದರದ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯಲ್ಲಿರುವ ಅಂಗಡಿಯಾದರೆ ಇನ್ನೂ ಬಿಗಿ: ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ.

ಹೈದರಾಬಾದಿನ ಅಂಗಡಿಯವನಿಗೆ ಇದು ವರ್ಷಕ್ಕೊಮ್ಮೆ ಬರುವ ಪ್ರಶ್ನೆ. ಹಿಂದೂಪುರದವನಿಗೆ, ರಾಯದುರ್ಗದವನಿಗೆ ದಿನಾ ಬರುತ್ತದೆ. ಅವನ ಸ್ಟೇಟಸ್ ನೋಡುವವರಲ್ಲಿ ಆಚೆಯವರು ಇದ್ದೇ ಇರುತ್ತಾರೆ. ಒಂದು ಸಲ ನಿಮ್ಮ ಆಡಿಟರ್ ಹತ್ತಿರ ಕೂತು ಕೇಳಿಬಿಡುವುದು ಒಳ್ಳೆಯದು. ಅಂದಹಾಗೆ, ತಾನೇ ಬೆಳೆದದ್ದನ್ನು ಮಾರುವ ರೈತನಿಗೆ ಈ ಗೋಜಿಲ್ಲ, ಆ ಮಟ್ಟಿಗೆ ನೋಂದಣಿಯಿಂದ ಕಾನೂನೇ ಬಿಡುಗಡೆ ಕೊಟ್ಟಿದೆ.

★

‘ಕೂ’ ನೆನಪಿದೆಯೇ? ಟ್ವಿಟರಿಗೆ ಎದುರಾಳಿ ಎಂದು ಬೆಂಗಳೂರಿನಲ್ಲಿ ಹುಟ್ಟಿದ್ದು. ಅದರ ಮೊದಲ ಆವೃತ್ತಿ ಬಂದದ್ದು ಕನ್ನಡದಲ್ಲಿ. 2024ರ ಜುಲೈನಲ್ಲಿ ಬಾಗಿಲು ಹಾಕಿತು.

★

ಅನಂತಪುರ ಜಿಲ್ಲೆ ಒಂದಾಗಿದ್ದಾಗ, 2011ರ ಜನಗಣತಿಯ ಪ್ರಕಾರ ಅಲ್ಲಿಯ ಸಾಕ್ಷರತೆ ನೂರಕ್ಕೆ ಸುಮಾರು 64. ಹೆಂಗಸರದು 54ರ ಹತ್ತಿರ. ಅಂದರೆ ಟೈಪ್ ಮಾಡಲಾಗದ, ಬರೆದದ್ದನ್ನು ಓದಲಾಗದ ಗಿರಾಕಿಗಳು ಕಡಿಮೆಯೇನಲ್ಲ. ಅವರು ಸುಮ್ಮನಿದ್ದಾರೆಯೇ? ಇಲ್ಲ, ಮೈಕಿನ ಗುರುತು ಒತ್ತಿ ಮಾತಾಡುತ್ತಾರೆ. ಜಗತ್ತಿನಲ್ಲಿ ದಿನಕ್ಕೆ ಸರಾಸರಿ 700 ಕೋಟಿ ಧ್ವನಿ ಸಂದೇಶಗಳು ಓಡಾಡುತ್ತವೆಂದು ವಾಟ್ಸ್ಆ್ಯಪ್ 2022ರಲ್ಲಿ ಹೇಳಿತ್ತು. ಗೊಬ್ಬರದ ಅಂಗಡಿಯವರು ದರಪಟ್ಟಿಯ ಪಿಡಿಎಫ್ ಕಳಿಸುವ ಬದಲು ಅದನ್ನೇ ಬಾಯಲ್ಲಿ ಹೇಳಿ ಕಳಿಸಿದರೆ ಕೇಳುವವರು ಹೆಚ್ಚು. ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ಹಿಂದೂಪುರದ ವ್ಯಾಪಾರಿಗೆ ಎರಡೂ ನಾಲಗೆ ತುದಿಯಲ್ಲೇ ಇರುತ್ತವೆ.

★

ಎಲ್ಲ ಸರಕೂ ಫೋನಿನಲ್ಲಿ ಮಾರಾಟವಾಗುವುದಿಲ್ಲ. ಹಿಂದೂಪುರದ ಮಾರುಕಟ್ಟೆ ಹುಣಸೆಹಣ್ಣಿಗೆ ಹೆಸರುವಾಸಿ. ಅಲ್ಲಿ ಮುಖ್ಯವಾಗಿ ಎರಡು ಬಗೆ: ಕರಿಪುಳಿ, ಫ್ಲವರ್. ಕರಿಪುಳಿಗೆ ಬೆಲೆ ಹೆಚ್ಚು. ಫೋಟೊದಲ್ಲಿ ಬಣ್ಣ ಕಂಡೀತು. ಆದರೆ ಕೊಳ್ಳುವವರು ಮೂಟೆಯ ಬಾಯಿ ಬಿಚ್ಚಿ, ಮೇಲಿನದನ್ನು ಸರಿಸಿ, ಒಳಗೆ ಕೈಹಾಕಿ ಒಂದು ಹಿಡಿ ತೆಗೆದು ಅಮುಕಿ ನೋಡುತ್ತಾರೆ: ಅಂಟು ಎಷ್ಟು, ತೇವ ಎಷ್ಟು, ಬೀಜ, ನಾರು ಎಷ್ಟು ಉಳಿದಿದೆ. ಇದಾವುದನ್ನೂ ಫೋನಿನ ಪರದೆ ಹೇಳದು. ಫೋನ್ ಮಾಡುವ ಕೆಲಸ ಬೇರೆ. ಇವತ್ತು ಯಾರ್ಡಿನಲ್ಲಿ ಎಷ್ಟಕ್ಕೆ ಹೋಯಿತು ಎಂಬ ಸುದ್ದಿ ಸಂಜೆಯೊಳಗೆ ಗುಂಪುಗಳಲ್ಲಿ ಹಳ್ಳಿ ಮುಟ್ಟುತ್ತದೆ. ರೇಷ್ಮೆಗೂಡಿನದೂ ಹಾಗೇ, ಹಿಂದೂಪುರದಲ್ಲಿ ಮಾರುವುದೋ ರಾಮನಗರಕ್ಕೆ ಹೊತ್ತೊಯ್ಯುವುದೋ ಎಂದು ರೈತ ತೀರ್ಮಾನಿಸುವುದು ಇತ್ತೀಚೆಗೆ ಬೆರಳ ತುದಿಯಲ್ಲಿ. ರೈತನಿಗೆ ಇದರಿಂದ ಅನುಕೂಲ. ದರದ ಸುದ್ದಿಯನ್ನು ತನ್ನಲ್ಲೇ ಇಟ್ಟುಕೊಂಡು ಬದುಕುತ್ತಿದ್ದ ಮಧ್ಯವರ್ತಿಗೆ ಅಷ್ಟಿಲ್ಲ.

★

ಕಲ್ಯಾಣದುರ್ಗದ ಸುತ್ತ ಮಳೆ ಕಮ್ಮಿ, ಬೋರ್‌ವೆಲ್ಲೇ ಗತಿ. ದಾಳಿಂಬೆ, ಮೂಸಂಬಿ ಇಟ್ಟವರಿಗೆ ಹನಿ ನೀರಾವರಿ, ಕಾಯಿ ಕಟ್ಟಿಸುವುದು, ಚಾಟಣಿ, ದುಂಡಾಣು ರೋಗ ಎಂದು ನೂರು ಪ್ರಶ್ನೆ. ಇವರ ಜಾಲತಾಣ ಯೂಟ್ಯೂಬ್. ಅಲ್ಲಿ ತೆಲುಗು ವಿಡಿಯೊ, ಕನ್ನಡ ವಿಡಿಯೊ ಎಂಬ ಭೇದವಿಲ್ಲ. ಪಾವಗಡದ ತೋಟದಲ್ಲಿ ತೆಗೆದದ್ದೂ ನಡೆಯುತ್ತದೆ, ಸೊಲ್ಲಾಪುರದ್ದಾದರೂ ಕೈಕೆಲಸ ಕಣ್ಣಿಗೆ ಕಂಡರೆ ಸಾಕು. ಹತ್ತು ಸೆಕೆಂಡಿನ ಕುಣಿತದ ರೀಲ್ಸಿಗೆ ದುಡ್ಡು ಸುರಿಯುವ ಪೈಪ್ ಅಂಗಡಿಗಳನ್ನು ಕಂಡರೆ ನನಗೆ ಅಚ್ಚರಿ. ಫಿಲ್ಟರ್ ತೊಳೆಯುವುದು ಹೇಗೆಂದು ಐದು ನಿಮಿಷ ಬಿಡಿಸಿ ತೋರಿಸಿದರೆ ಆ ವಿಡಿಯೊ ವರ್ಷಗಟ್ಟಲೆ ದುಡಿಯುತ್ತದೆ.

★

2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳಿಗೆ ನಿಷೇಧ. ಜುಲೈ 8ಕ್ಕೆ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ಶುರುಮಾಡಿತು. ನಡುವೆ ಎಂಟೊಂಬತ್ತು ದಿನ. ಟಿಕ್‌ಟಾಕ್‌ನಲ್ಲಿ ಲಕ್ಷ ಹಿಂಬಾಲಕರನ್ನು ಕೂಡಿಹಾಕಿದ್ದ ಹಳ್ಳಿ ಹುಡುಗರು, ಅವರನ್ನು ನಂಬಿ ಪ್ರಚಾರ ಮಾಡಿಸುತ್ತಿದ್ದ ಅಂಗಡಿಗಳು ಮತ್ತೆ ಸೊನ್ನೆಯಿಂದ ಹೊರಟರು.

★

ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ಎಪ್ಪತ್ತು ಕಂಬಗಳಿವೆಯಂತೆ; ಫೋನ್‌ಗಳೆಲ್ಲ ಮುತ್ತಿಕೊಳ್ಳುವುದು ಒಂದನ್ನೇ: ನೆಲಕ್ಕೆ ಪೂರ್ತಿ ತಾಗದ ತೂಗುಗಂಬ. ಒಬ್ಬರು ದುಪಟ್ಟಾದ ತುದಿ ಹಿಡಿದು ಕಂಬದ ಬುಡಕ್ಕೆ ತೂರಿಸುತ್ತಾರೆ, ಇನ್ನೊಬ್ಬರು ಆಚೆಯಿಂದ ಎಳೆಯುತ್ತಾರೆ, ಮೂರನೆಯವರು ನೆಲಕ್ಕೆ ಕೂತು ಚಿತ್ರೀಕರಿಸುತ್ತಾರೆ. ಹಿಂದೆ ಸಾಲು. ತಲೆ ಎತ್ತಿ ಮೇಲ್ಛಾವಣಿಯ ವಿಜಯನಗರ ಕಾಲದ ವರ್ಣಚಿತ್ರ ನೋಡುವವರು ಬೆರಳೆಣಿಕೆ. 2022ರಲ್ಲಿ ಈ ದೇವಾಲಯ ಮತ್ತು ಏಕಶಿಲಾ ನಂದಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು. 2024ರ ಜನವರಿ 16ರಂದು ಪ್ರಧಾನಿ ಬಂದು ಹೋದ ಚಿತ್ರಗಳು ಎಲ್ಲೆಡೆ ಓಡಾಡಿದವು.

ಬೆಂಗಳೂರಿನಿಂದ ಸುಮಾರು 120 ಕಿಲೋಮೀಟರ್, ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ಸು. ಹಿಂದೂಪುರದಿಂದ ಬರೀ ಹದಿನೈದು. ಆದರೂ ಈ ಜನ ಹಿಂದೂಪುರದ ಪೇಟೆಗೆ ಬರುವುದು ಅಪರೂಪ. ಹೆದ್ದಾರಿಯಿಂದ ತಿರುಗಿ, ನೋಡಿ, ಹೆದ್ದಾರಿಗೇ ಮರಳುತ್ತಾರೆ. ಹಿಂದೂಪುರದ ಹೋಟೆಲಿನವರು, ಸೀರೆಯವರು ಪ್ರಚಾರ ಮಾಡುವಾಗ ಈ ಪ್ರವಾಸಿಯನ್ನು ಗಿರಾಕಿ ಎಂದು ಎಣಿಸಿದಂತಿಲ್ಲ. ಲೇಪಾಕ್ಷಿಯ ಹೆಸರಿನಲ್ಲಿ ಚಿತ್ರ ಹಾಕುವ ಬೆಂಗಳೂರಿನ ಹುಡುಗಿಗೆ ಅದೇ ದಿನ ಲೇಪಾಕ್ಷಿ ಸೆರಗಿನ ಸೀರೆ ಯಾರೂ ತೋರಿಸಲಿಲ್ಲ ಎಂಬುದು ನನಗೆ ಸೋಜಿಗ. ಆ ಛಾವಣಿಯ ಚಿತ್ರಗಳಲ್ಲಿರುವ ಉಡುಗೆಗಳ ನಮೂನೆಗಳನ್ನು ನೇಕಾರರೂ ಅಚ್ಚು ಹಾಕುವವರೂ ಬಹಳ ಕಾಲದಿಂದ ಬಟ್ಟೆಗೆ ಇಳಿಸುತ್ತಿದ್ದಾರೆ. ಹತ್ತಿರದ ಧರ್ಮಾವರದ ಕೈಮಗ್ಗದ ಪಟ್ಟೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

★

ಅಂಗಡಿಯೇ ಇಲ್ಲದೆ ವ್ಯಾಪಾರ? 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೀಶೊ ಬೆಳೆದದ್ದೇ ಹಾಗೆ. ಸರಕಿನ ಫೋಟೊವನ್ನು ತಮ್ಮ ವಾಟ್ಸ್ಆ್ಯಪ್ ಬಳಗಕ್ಕೆ ಕಳಿಸಿ, ಮೇಲೆ ಇಷ್ಟು ಲಾಭ ಇಟ್ಟು ಮಾರುವ ಗೃಹಿಣಿಯರೇ ಅದರ ಮೊದಲ ಬಂಡವಾಳ. ಫೇಸ್‌ಬುಕ್ ಭಾರತದಲ್ಲಿ ಮೊಟ್ಟಮೊದಲು ಹಣ ಹೂಡಿದ ನವೋದ್ಯಮವೂ ಇದೇ, 2019ರ ಜೂನ್‌ನಲ್ಲಿ.

★

ಬಳಕೆದಾರರು ನಮ್ಮಲ್ಲಿ ಹೆಚ್ಚು, ಗಳಿಕೆ ಬೇರೆ ಕಡೆ ಹೆಚ್ಚು. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್ ಅಮೆರಿಕ ಮತ್ತು ಕೆನಡಾದ ಒಬ್ಬ ಬಳಕೆದಾರನಿಂದ ಸರಾಸರಿ 68 ಡಾಲರ್ ದುಡಿಯಿತು. ನಾವಿರುವ ಏಷ್ಯಾ-ಪೆಸಿಫಿಕ್ ವಿಭಾಗದಲ್ಲಿ ಐದೂವರೆ ಡಾಲರ್. ಇಲ್ಲಿ ಜಾಹೀರಾತು ಅಗ್ಗ ಎಂಬುದು ಇದರ ಒಂದು ಕಾರಣ. ಕಲ್ಯಾಣದುರ್ಗದ ಬೇಕರಿಯವರೂ ದಿನಕ್ಕೆ ನೂರಿನ್ನೂರು ರೂಪಾಯಿ ಇಟ್ಟು ಪರೀಕ್ಷೆ ಮಾಡಬಹುದಾದದ್ದು ಅದರಿಂದಲೇ.

★

2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ಗಂಟೆ ದಾಟಿತ್ತು. ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ನಿಂತವು, ಸುಮಾರು ಆರು ಗಂಟೆ ಕಾಲ. ಮೂರರಲ್ಲೂ ಪ್ರಚಾರ ಹಂಚಿ ಹಾಕಿದ್ದೇವೆ, ಒಂದು ಹೋದರೆ ಇನ್ನೊಂದು ಎಂದುಕೊಂಡಿದ್ದವರಿಗೆ ಮೂರಕ್ಕೂ ಒಬ್ಬನೇ ಮಾಲೀಕ ಎಂಬುದು ಅವತ್ತು ಹೊಳೆಯಿತು.

★

ಆಂಧ್ರ ಸರ್ಕಾರವೇ ವಾಟ್ಸ್ಆ್ಯಪ್‌ಗೆ ಬಂದಿದೆ. 2025ರ ಜನವರಿ 30ರಂದು ‘ಮನ ಮಿತ್ರ’ ಎಂಬ ಹೆಸರಿನಲ್ಲಿ 161 ಸೇವೆಗಳೊಂದಿಗೆ ಶುರುವಾಯಿತು. ಅದಕ್ಕೂ ಮುಂಚೆ, 2022ರ ಕೊನೆಯಲ್ಲಿ, ಬೆಂಗಳೂರಿನ ನಮ್ಮ ಮೆಟ್ರೊ ವಾಟ್ಸ್ಆ್ಯಪ್‌ನಲ್ಲೇ ಟಿಕೆಟ್ ಕೊಡತೊಡಗಿತ್ತು. ವ್ಯಾಪಾರಿಗಳಿಗೆ ಇದರಲ್ಲೇನು ಲಾಭ? ಗುಡ್ ಮಾರ್ನಿಂಗ್ ಚಿತ್ರ ನೋಡಲು ಮಾತ್ರ ಆ ಹಸಿರು ಗುರುತು ಒತ್ತುತ್ತಿದ್ದ ಹಿರಿಯರೂ ಪ್ರಮಾಣಪತ್ರಕ್ಕೆ, ಬಿಲ್ಲು ಕಟ್ಟಲು ಅಲ್ಲೇ ವ್ಯವಹರಿಸುವುದನ್ನು ಕಲಿಯುತ್ತಾರೆ. ಸರ್ಕಾರದ ಜೊತೆ ವ್ಯವಹರಿಸಿದ ಕೈ ಕಿರಾಣಿ ಅಂಗಡಿಯ ಜೊತೆ ಹಿಂಜರಿಯದು.

★

ಊರಿನ ಇನ್‌ಸ್ಟಾಗ್ರಾಮ್ ಪುಟದ ಹುಡುಗ ನಿಮ್ಮ ಅಂಗಡಿಯ ಉದ್ಘಾಟನೆಗೆ ಬಂದು ಕುಣಿದು, ದುಡ್ಡು ಪಡೆದು, ವಿಡಿಯೊ ಹಾಕಿದರೆ ಅದು ಜಾಹೀರಾತು ಎಂದು ಅಲ್ಲೇ ಕಾಣುವಂತೆ ಹೇಳಬೇಕು. ದುಡ್ಡಿನ ಬದಲು ಉಚಿತವಾಗಿ ಸರಕು ಕೊಟ್ಟರೂ ಅದೇ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ.

★

ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ದುಡ್ಡು ಕಳಿಸುತ್ತೇನೆ ಎಂದವರು ಪಿನ್ ಒತ್ತಿ ಎಂದರೆ ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ವಾಟ್ಸ್ಆ್ಯಪ್‌ನಲ್ಲಿ ಸರಕು ಆರಿಸಿ “ದುಡ್ಡು ಹಾಕಿದೀನಿ, ನೋಡಿ” ಎಂದು ಸ್ಕ್ರೀನ್‌ಶಾಟ್ ಕಳಿಸುವ ಅಪರಿಚಿತರಿಗೆ, ಬ್ಯಾಂಕಿನ ಸಂದೇಶ ಬರುವವರೆಗೆ ಪಾರ್ಸೆಲ್ ಕಟ್ಟಬೇಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಆ ನಂಬರ್ ಗಡಿಯ ಎರಡೂ ಕಡೆ ಒಂದೇ.